ಕೀ ಇಳಿದ ಮೇಲೂ ನಿಲ್ಲದ ಲಯ

ಮೆಟ್ರೊನೋಮ್ ಹಚ್ಚಿಟ್ಟು, ಅದರ ಟಿಕ್ ಟಿಕ್ ಬೆನ್ನು ಹಿಡಿದೇ ಇಡೀ ಹೊತ್ತಿನ ಅಭ್ಯಾಸ ಮುಗಿಸುವ ರೂಢಿ ಸಂಗೀತ ಕಲಿಯುವ ಮನೆಗಳಲ್ಲಿ ಬೇರೂರುತ್ತಿದೆ. ಪಿಯಾನೊ, ಗಿಟಾರ್ ಕಲಿತು ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗೆ ಕೂರುವ ಬೆಂಗಳೂರಿನ ಮಕ್ಕಳಷ್ಟೇ ಅಲ್ಲ, ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡುವ ಮಕ್ಕಳೂ ಈಗ ಫೋನಿನಲ್ಲಿ ಒಂದು ಬಡಿತದ ಆ್ಯಪ್ ಇಟ್ಟುಕೊಂಡಿರುತ್ತಾರೆ. ಲಯ ಗಟ್ಟಿಯಾಗಲಿ ಎಂಬ ಅಪ್ಪ ಅಮ್ಮಂದಿರ ಆಸೆ, ಗುರುಗಳ ಕಾಳಜಿ ಎರಡೂ ಸರಿಯಾದವೇ. ಆದರೆ ಹೀಗೆ ಬಳಸಿದ ಮೆಟ್ರೊನೋಮಿನಿಂದ ಆ ಆಸೆ ಈಡೇರುವುದಿಲ್ಲ ಎಂಬುದು ನನ್ನ ವಾದ. ಯಂತ್ರ ನಮಗೆ ಲಯ ಕಲಿಸುವುದಿಲ್ಲ. ನಾವು ಕಲಿತ ಲಯ ಎಷ್ಟು ನಿಂತಿದೆ ಎಂದು ತೋರಿಸುತ್ತದೆ. ಹಾಗಾಗಿ ಅದನ್ನು ಸ್ವಲ್ಪ ಹೊತ್ತು ಕೇಳಬೇಕು, ಬೇಗ ನಿಲ್ಲಿಸಬೇಕು, ಅದಿಲ್ಲದೆ ನಡೆಯಬೇಕು, ಆಮೇಲೆ ಮತ್ತೆ ಹಚ್ಚಿ ನಾವು ಎಲ್ಲಿದ್ದೇವೆಂದು ನೋಡಬೇಕು. ಈ ಕೆಲಸಕ್ಕೆ ಕೀ ಕೊಟ್ಟು ಓಡಿಸುವ, ಕಡ್ಡಿ ಅತ್ತಿತ್ತ ತೂಗುವ ಹಳೆಯ ಮೆಕ್ಯಾನಿಕಲ್ ಮೆಟ್ರೊನೋಮೇ ಹೇಳಿ ಮಾಡಿಸಿದ ವಸ್ತು ಎಂದೂ ನನಗೆ ಅನ್ನಿಸುತ್ತದೆ.

ಈ ಮಾತಿಗೆ ಮೊದಲ ಆಧಾರ ಮೆಟ್ರೊನೋಮಿನ ಚರಿತ್ರೆಯಲ್ಲೇ ಇದೆ. ಲೋಲಕವನ್ನು ನೋಡಿ ಸಂಗೀತದ ವೇಗ ಗೊತ್ತುಮಾಡುವ ಯೋಚನೆ ಹಳೆಯದು. ಫ್ರಾನ್ಸಿನ ಎತಿಯೆನ್ ಲೂಲಿಯೆ 1696ರಲ್ಲೇ ಅಂಥದೊಂದು ಸಾಧನವನ್ನು ವಿವರಿಸಿದ್ದ. ಅದು ಆಳೆತ್ತರದ ಕಂಬಕ್ಕೆ ಇಳಿಬಿಟ್ಟ ಗುಂಡು, ಸದ್ದೇ ಇಲ್ಲದ್ದು. ಕಣ್ಣಿಂದ ನೋಡಿಕೊಂಡೇ ವೇಗ ಹಿಡಿಯಬೇಕಿತ್ತು. ಆಳೆತ್ತರ ಯಾಕೆ ಬೇಕಾಯಿತೆಂದರೆ, ಸಾದಾ ಲೋಲಕ ನಿಧಾನವಾಗಿ ತೂಗಬೇಕಾದರೆ ಉದ್ದವಾಗಿರಲೇಬೇಕು. ನಿಮಿಷಕ್ಕೆ ಅರವತ್ತು ಬಡಿತಕ್ಕೆ ಹೆಚ್ಚುಕಡಿಮೆ ಒಂದು ಮೀಟರ್ ಉದ್ದ ಬೇಕು, ನಲವತ್ತು ಬಡಿತಕ್ಕೆ ಎರಡು ಮೀಟರಿಗೂ ಮೀರಿದ ಉದ್ದ. ಆಮ್‌ಸ್ಟರ್‌ಡ್ಯಾಮಿನಲ್ಲಿ ನೆಲೆಸಿದ್ದ ಜರ್ಮನ್ ಕುಶಲಕರ್ಮಿ ಡೀಟ್ರಿಖ್ ನಿಕೊಲಾಸ್ ವಿನ್ಕೆಲ್ 1814ರಲ್ಲಿ ಈ ತೊಡಕನ್ನು ಬಿಡಿಸಿದ. ಕಡ್ಡಿಯನ್ನು ತುದಿಯಲ್ಲಿ ನೇತುಹಾಕುವ ಬದಲು ನಡುವೆ ಒಂದು ಕಡೆ ಕೀಲಿಗೆ ಸಿಕ್ಕಿಸಿ, ಕೀಲಿನ ಕೆಳಗೊಂದು ಭಾರವಾದ ತೂಕ, ಮೇಲೊಂದು ಹಗುರವಾದ ತೂಕ ಇಟ್ಟ. ಕೆಳಗಿನ ತೂಕ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಲು ಎಳೆಯುತ್ತದೆ, ಮೇಲಿನ ತೂಕ ಆ ಎಳೆತವನ್ನು ತಡೆಯುತ್ತದೆ. ಇಬ್ಬರ ಜಗ್ಗಾಟದಲ್ಲಿ ಗೇಣುದ್ದದ ಕಡ್ಡಿಯೂ ದೊಡ್ಡ ಲೋಲಕದಷ್ಟೇ ನಿಧಾನವಾಗಿ ತೂಗುತ್ತದೆ. ಇದನ್ನು ನೋಡಿದ ಯೊಹಾನ್ ಮೆಲ್ಟ್ಸೆಲ್ ಎಂಬಾತ ಅದಕ್ಕೊಂದು ಅಂಕಿಯ ಪಟ್ಟಿ ಸೇರಿಸಿ 1815ರಲ್ಲಿ ತನ್ನ ಹೆಸರಿಗೆ ಪೇಟೆಂಟ್ ಮಾಡಿಸಿಕೊಂಡ. ಬೀಥೊವನ್‌ಗೆ ಕಿವಿಗೆ ಹಿಡಿಯುವ ಕೊಳವೆಗಳನ್ನು ಮಾಡಿಕೊಟ್ಟವನೂ ಈತನೇ. ವಿನ್ಕೆಲ್ ತಕರಾರು ತೆಗೆದ, ಡಚ್ ವಿದ್ವಾಂಸರ ಸಂಸ್ಥೆ ಅವನ ಪರವಾಗಿಯೇ ತೀರ್ಪು ಕೊಟ್ಟಿತು. ಆದರೂ ಲೋಕದಲ್ಲಿ ಉಳಿದದ್ದು ಮೆಲ್ಟ್ಸೆಲ್ ಹೆಸರು. ಪಾಶ್ಚಾತ್ಯ ಸ್ವರಲಿಪಿಯಲ್ಲಿ ವೇಗದ ಅಂಕಿಯ ಹಿಂದೆ ಎಂ.ಎಂ. ಎಂದು ಕಾಣುವುದು ಅವನ ಹೆಸರಿನದೇ ಗುರುತು. ವಿನ್ಕೆಲ್‌ಗೆ ಆದ ಈ ಅನ್ಯಾಯವನ್ನು ಎರಡು ಶತಮಾನದ ನಂತರವಾದರೂ ನೆನೆಯುವುದು ನ್ಯಾಯ.

ಇಲ್ಲಿ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಈ ಸಾಧನ ಹುಟ್ಟಿದ್ದು ಮುಖ್ಯವಾಗಿ ಅಭ್ಯಾಸದ ಕೋಣೆಗಾಗಿ ಅಲ್ಲ. ವಿಯೆನ್ನಾದಲ್ಲಿ ಕೂತು ಬರೆದ ಸಂಗೀತ ಲಂಡನ್ನಿನಲ್ಲಿ ಯಾವ ವೇಗದಲ್ಲಿ ನುಡಿಯಬೇಕು ಎಂಬುದನ್ನು ತಿಳಿಸಲು. ಅಲ್ಲಿಯವರೆಗೆ 'ಚುರುಕಾಗಿ', 'ನಿಧಾನವಾಗಿ' ಎಂಬ ಇಟಾಲಿಯನ್ ಮಾತುಗಳನ್ನೇ ನೆಚ್ಚಿಕೊಳ್ಳಬೇಕಿತ್ತು. ಕೊಳಲುವಾದಕ ಕ್ವಾಂಟ್ಸ್ 1752ರ ತನ್ನ ಗ್ರಂಥದಲ್ಲಿ ಆರೋಗ್ಯವಂತನ ನಾಡಿಯನ್ನು ನಿಮಿಷಕ್ಕೆ ಸುಮಾರು ಎಂಬತ್ತೆಂದು ಹಿಡಿದು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದ. ಮೆಟ್ರೊನೋಮ್ ಬಂದಾಗ ಬೀಥೊವನ್ ಉತ್ಸಾಹದಿಂದ ಅದನ್ನು ಒಪ್ಪಿಕೊಂಡು, 1817ರಲ್ಲಿ ತನ್ನ ಮೊದಲ ಎಂಟು ಸಿಂಫನಿಗಳ ವೇಗದ ಅಂಕಿಗಳನ್ನು ಲೈಪ್ಜಿಗ್ಗಿನ ಸಂಗೀತ ಪತ್ರಿಕೆಯಲ್ಲಿ ಪ್ರಕಟಿಸಿದ. ಅದೇ ಬೀಥೊವನ್ ಒಂದು ಹಾಡಿನ ಹಸ್ತಪ್ರತಿಯಲ್ಲಿ, ಈ ಅಂಕಿ ಹಾಡಿನ ಆರಂಭಕ್ಕೆ ಮಾತ್ರ ಸಲ್ಲುತ್ತದೆ, ಭಾವಕ್ಕೂ ಅದರದೇ ಆದ ವೇಗವಿದೆ ಎಂಬರ್ಥದ ಟಿಪ್ಪಣಿ ಬರೆದಿಟ್ಟ. ಅಂದರೆ ಅವನಿಗೆ ಅದೊಂದು ಅಳತೆಯ ಪಾತ್ರೆ. ಅಕ್ಕಿ ಅಳೆದ ಪಾವನ್ನು ಯಾರೂ ಅನ್ನದ ಜೊತೆ ಬೇಯಿಸುವುದಿಲ್ಲವಲ್ಲ, ಹಾಗೆ. ಹಾಡು ಮುಗಿಯುವವರೆಗೂ ಪಕ್ಕದಲ್ಲಿ ಬಡಿಯುತ್ತಿರಬೇಕು ಎಂಬ ಕಲ್ಪನೆ ಆಮೇಲೆ ಬಂದದ್ದು.

ಎರಡನೆಯ ಆಧಾರ ಪ್ರಯೋಗಗಳದ್ದು. 1886ರಷ್ಟು ಹಿಂದೆಯೇ ಲೂಯಿಸ್ ಸ್ಟೀವನ್ಸ್ ಎಂಬ ಸಂಶೋಧಕ, ಜನರಿಂದ ಮೆಟ್ರೊನೋಮಿನ ಜೊತೆ ತಾಳ ತಟ್ಟಿಸಿ, ನಡುವೆ ಅದನ್ನು ನಿಲ್ಲಿಸಿ, ಅದೇ ವೇಗದಲ್ಲಿ ಮುಂದುವರಿಸಲು ಹೇಳಿದ. ಸದ್ದು ನಿಂತ ಮೇಲೆ ಕೈ ಎರಡು ಬಗೆಯಲ್ಲಿ ಏರುಪೇರಾಯಿತು. ಒಂದು ಪೆಟ್ಟಿನಿಂದ ಇನ್ನೊಂದು ಪೆಟ್ಟಿಗೆ ಕಾಣುವ ಸಣ್ಣ ಹಿಂದುಮುಂದು ಒಂದು. ಹತ್ತಾರು ಪೆಟ್ಟುಗಳ ಉದ್ದಕ್ಕೆ ವೇಗವೇ ಮೆಲ್ಲಗೆ ಜಾರಿಹೋಗುವುದು ಇನ್ನೊಂದು. ಲಯದ ವಿಷಯದಲ್ಲಿ ನಮ್ಮನ್ನು ಕಾಡುವುದು ಬಹುಪಾಲು ಈ ಎರಡನೆಯದೇ: ಸುಲಭವಾದ ಜಾಗ ಬಂದರೆ ಓಡುತ್ತೇವೆ, ಕಷ್ಟದ ಜಾಗ ಬಂದರೆ ಎಳೆಯುತ್ತೇವೆ. ಮೆಟ್ರೊನೋಮ್ ಬಡಿಯುತ್ತಿರುವಾಗ ಈ ಜಾರುವಿಕೆ ಕಾಣಿಸಿಕೊಳ್ಳುವುದೇ ಇಲ್ಲ, ಏಕೆಂದರೆ ಪ್ರತಿ ಬಡಿತವೂ ನಮ್ಮನ್ನು ಹಿಡಿದು ಸಾಲಿಗೆ ನಿಲ್ಲಿಸುತ್ತದೆ. ತೊಂದರೆ ಗುಣವಾಗಿಲ್ಲ, ಮುಚ್ಚಿಹೋಗಿದೆ ಅಷ್ಟೆ. ಚಲನೆಯ ಕಲಿಕೆಯನ್ನು ಅಭ್ಯಸಿಸಿದ ಸಾಲ್ಮೊನಿ, ಶ್ಮಿಟ್, ವಾಲ್ಟರ್ ಎಂಬ ಮೂವರು 1984ರಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿ ಇದಕ್ಕೆ ಹತ್ತಿರದ ಮಾತನ್ನೇ ಹೇಳಿದರು: ಪ್ರತಿ ಸಲವೂ ಸರಿ ತಪ್ಪು ಹೇಳುತ್ತಾ ಹೋದರೆ ಅಭ್ಯಾಸದ ಹೊತ್ತಿನಲ್ಲಿ ಕೆಲಸ ಚೆನ್ನಾಗಿಯೇ ಕಾಣುತ್ತದೆ, ಹೇಳುವುದನ್ನು ನಿಲ್ಲಿಸಿದಾಗ ಕುಸಿಯುತ್ತದೆ, ಆಗೊಮ್ಮೆ ಈಗೊಮ್ಮೆ ಹೇಳಿಸಿಕೊಂಡವರ ಕಲಿಕೆಯೇ ಹೆಚ್ಚು ಉಳಿಯುತ್ತದೆ. ಆ ಪ್ರಯೋಗಗಳು ಬಹುತೇಕ ಕೈಯ ಸರಳ ಚಲನೆಗಳ ಮೇಲೆ ನಡೆದವು, ಕೃತಿ ಹಾಡುವವರ ಮೇಲಲ್ಲ ಎಂಬುದನ್ನು ಒಪ್ಪಬೇಕು. ಆದರೂ ತಾಳ ಹಾಕುವ ಕೈ ಕೂಡ ಕೈಯೇ ತಾನೆ.

ಇನ್ನು ಯಂತ್ರದ ಹತ್ತಿರ ಬರೋಣ. ಮುಂದಿನ ಮುಚ್ಚಳ ತೆಗೆದರೆ ಕಡ್ಡಿ, ಅದರ ಮೇಲೆ ಜಾರುವ ತೂಕ, ಹಿಂದೆ ಅಂಕಿಯ ಪಟ್ಟಿ. ಒಳಗೆ ಸುತ್ತಿದ ಸ್ಪ್ರಿಂಗ್, ಅದು ತಿರುಗಿಸುವ ಹಲ್ಲುಚಕ್ರ. ಕಡ್ಡಿ ಒಂದು ಬದಿಗೆ ಹೋದಾಗ ಒಂದು ಹಲ್ಲು ಬಿಡುಗಡೆಯಾಗಿ ಟಿಕ್ ಎನ್ನುತ್ತದೆ, ಜೊತೆಗೇ ಕಡ್ಡಿಗೆ ಒಂದಿಷ್ಟು ತಳ್ಳು ಸಿಗುತ್ತದೆ. ಪ್ರತಿ ಬಡಿತಕ್ಕೂ ಸ್ಪ್ರಿಂಗ್ ಅಷ್ಟಷ್ಟೇ ಬಿಚ್ಚಿಕೊಳ್ಳುವುದರಿಂದ, ಒಂದು ಸಲ ಕೊಟ್ಟ ಕೀಯಲ್ಲಿ ಇರುವುದು ಇಂತಿಷ್ಟು ನಿಮಿಷವಲ್ಲ, ಇಂತಿಷ್ಟು ಬಡಿತ. ನಲವತ್ತರಲ್ಲಿ ಓಡುವಷ್ಟು ಹೊತ್ತಿನ ಐದನೇ ಒಂದು ಪಾಲು ಹೊತ್ತು ಮಾತ್ರ ಇನ್ನೂರರಲ್ಲಿ ಓಡುತ್ತದೆ. ಕೀ ಇಳಿಯುವುದನ್ನು ಈ ಯಂತ್ರದ ಕೊರತೆ ಎಂದು ಹೇಳುವವರಿದ್ದಾರೆ. ನನಗೆ ಅದೇ ಇದರ ದೊಡ್ಡ ಗುಣ. ಅದು ತಾನಾಗಿ ನಿಲ್ಲುತ್ತದೆ, ನಿಂತಾಗ ನಾವು ಒಬ್ಬರೇ ಉಳಿಯುತ್ತೇವೆ, ಎದ್ದು ಹೋಗಿ ಮತ್ತೆ ಕೀ ಕೊಡಬೇಕೇ ಎಂದು ಯೋಚಿಸಲು ಒಂದು ಬಿಡುವು ಸಿಗುತ್ತದೆ. ಅಂಕಿಯ ಪಟ್ಟಿಯಲ್ಲೂ ಒಂದು ವಿವೇಕವಿದೆ. ಸಾಮಾನ್ಯವಾಗಿ 40ರಿಂದ 208ರವರೆಗೆ 39 ಮೆಟ್ಟಿಲು: ಅರವತ್ತರವರೆಗೆ ಎರಡೆರಡು, ಎಪ್ಪತ್ತೆರಡರವರೆಗೆ ಮೂರು ಮೂರು, ನೂರ ಇಪ್ಪತ್ತರವರೆಗೆ ನಾಲ್ಕು ನಾಲ್ಕು, ನೂರ ನಲವತ್ತನಾಲ್ಕರವರೆಗೆ ಆರಾರು, ಆಮೇಲೆ ಎಂಟೆಂಟು. ಲೆಕ್ಕ ಹಾಕಿ ನೋಡಿದರೆ ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಹೆಚ್ಚುಕಡಿಮೆ ಶೇಕಡ ನಾಲ್ಕೈದು ಚುರುಕು. ಕಿವಿ ವೇಗವನ್ನು ಅಳೆಯುವುದು ಕೂಡಿಸಿ ಕಳೆದು ಅಲ್ಲ, ಪ್ರಮಾಣದಲ್ಲಿ. ಹಾಗಾಗಿ ಈ ಮೆಟ್ಟಿಲುಗಳು ಕಿವಿಗೆ ಒಂದೇ ಸಮ ಅನ್ನಿಸುತ್ತವೆ. ಆ್ಯಪಿನಲ್ಲಿ 96, 97, 98 ಎಂದು ಒಂದೊಂದೇ ಏರಿಸುತ್ತಾ ಹೋಗುವ ಮಗುವಿಗೆ ತಾನು ಏರಿದ್ದೇ ಗೊತ್ತಾಗುವುದಿಲ್ಲ. 96ರಿಂದ 100ಕ್ಕೆ ತೂಕವನ್ನು ಬೆರಳಿನಿಂದ ಜಾರಿಸಿದವಳಿಗೆ ಗೊತ್ತಾಗುತ್ತದೆ.

ಕೊಳ್ಳುವಾಗ ನೋಡಬೇಕಾದ್ದು ಹೊಳಪಲ್ಲ, ಬಡಿತದ ಸಮತೆ. ಇದರಲ್ಲಿ ಬಹಳ ಮಂದಿ ಮೋಸಹೋಗುವ ಒಂದು ಜಾಗವಿದೆ. ಅಂಗಡಿಯಲ್ಲಿ ಅರವತ್ತಕ್ಕೆ ಇಟ್ಟು, ಕೈಗಡಿಯಾರ ನೋಡಿ, ನಿಮಿಷಕ್ಕೆ ಅರವತ್ತು ಬಡಿದರೆ ಸರಿಯಿದೆ ಎಂದುಕೊಳ್ಳುತ್ತಾರೆ. (ಮೊದಲ ಬಡಿತವನ್ನು ಸೊನ್ನೆ ಎಂದು ಎಣಿಸಬೇಕು, ಒಂದು ಎಂದಲ್ಲ, ಇಲ್ಲೇ ಲೆಕ್ಕ ತಪ್ಪುವುದು.) ಈ ಪರೀಕ್ಷೆ ಬೇಕಾದದ್ದೇ, ಆದರೆ ಸಾಲದು. ಪೆಟ್ಟಿಗೆ ಸ್ವಲ್ಪ ವಾಲಿದ್ದರೆ ಟಿಕ್ಕಿನಿಂದ ಟಾಕಿಗೆ ಇರುವ ಹೊತ್ತು ಹೆಚ್ಚಿ, ಟಾಕಿನಿಂದ ಟಿಕ್ಕಿಗೆ ಇರುವ ಹೊತ್ತು ಕಡಿಮೆಯಾಗುತ್ತದೆ. ಕುಂಟುವವರ ಹೆಜ್ಜೆಯ ಹಾಗೆ. ಎರಡನ್ನೂ ಕೂಡಿಸಿದರೆ ಮೊತ್ತ ಅಷ್ಟೇ ಇರುವುದರಿಂದ ನಿಮಿಷದ ಲೆಕ್ಕ ಸರಿಯಾಗಿಯೇ ಬರುತ್ತದೆ, ಗಡಿಯಾರಕ್ಕೆ ಈ ಕುಂಟು ಕಾಣುವುದಿಲ್ಲ. ಕಿವಿಗೆ ಮಾತ್ರ ಕೇಳುತ್ತದೆ. ಆದ್ದರಿಂದ ಕಣ್ಣು ಮುಚ್ಚಿ ಅರ್ಧ ನಿಮಿಷ ಕೇಳಿ. ಕುಂಟುತ್ತಿದೆ ಅನ್ನಿಸಿದರೆ ಪೆಟ್ಟಿಗೆಯನ್ನು ಅದೇ ಮೇಜಿನ ಮೇಲೆ ಹಿಂದುಮುಂದಾಗಿ ತಿರುಗಿಸಿಟ್ಟು, ಕಡ್ಡಿ ಯಾವ ಬದಿಗೆ ಹೋದಾಗ ತಡವಾಗುತ್ತಿದೆ ಎಂದು ನೋಡಿ. ಮೊದಲು ಅಂಕಿಪಟ್ಟಿಯ ಎಡಕ್ಕಿದ್ದ ತಡ ಈಗ ಬಲಕ್ಕೆ ಬಂದರೆ ತಪ್ಪು ಮೇಜಿನದು. ಕಾಲಿನ ಕೆಳಗೆ ಮಡಿಸಿದ ಕಾಗದ ಇಟ್ಟರೆ ಸಾಕು. ಎಡದಲ್ಲೇ ಉಳಿದರೆ ತಪ್ಪು ಯಂತ್ರದ ಒಳಗಿದೆ, ಅದನ್ನು ಬಿಟ್ಟು ಇನ್ನೊಂದನ್ನು ನೋಡಿ. ಪೂರ್ತಿ ಕೀ ಇದ್ದಾಗಲೂ ಕೀ ಇಳಿಯುತ್ತಾ ಬಂದಾಗಲೂ ಬಡಿತ ಒಂದೇ ಸಮವಿದೆಯೇ ಎಂದು ಕೇಳಿಸಿಕೊಳ್ಳಬೇಕು. ಹಳೆಯ, ಬಳಸಿದ ಯಂತ್ರ ಕೊಳ್ಳುವವರಿಗಂತೂ ಈ ಎರಡು ಪರೀಕ್ಷೆ ತಪ್ಪಿಸಬಾರದ್ದು. ಜರ್ಮನಿಯ ವಿಟ್ನರ್, ಜಪಾನಿನ ನಿಕ್ಕೊದಂಥ ಹೆಸರು ನೋಡಿ ಕೊಂಡರೂ ಕಿವಿಯ ತೀರ್ಪೇ ಕೊನೆಯದು.

ಅಂಕಿ ಓದುವುದರಲ್ಲೂ ಎಚ್ಚರ ಬೇಕು. ಜಾರುವ ತೂಕದ ಮೇಲಂಚು ಯಾವ ಅಂಕಿಯ ಗೆರೆಗೆ ಕೂತಿದೆಯೋ ಅದೇ ವೇಗ. ಕೆಳಗೆ ಕಾಣುವ ಅಂಕಿಯನ್ನು ಓದಿದರೆ ಇಲ್ಲದ ವೇಗವನ್ನು ಇದೆಯೆಂದು ನಂಬುತ್ತೇವೆ. ಬೀಥೊವನ್‌ನ ವೇಗದ ಅಂಕಿಗಳು ಎಷ್ಟೋ ಕಡೆ ನುಡಿಸಲಾಗದಷ್ಟು ಚುರುಕು ಎಂಬ ಗೊಣಗಾಟ ಎರಡು ಶತಮಾನದ್ದು. ಹ್ಯಾಮರ್‌ಕ್ಲಾವಿಯರ್ ಸೊನಾಟದ ಮೊದಲ ಭಾಗಕ್ಕೆ ಅವನು ಕೊಟ್ಟ 138 ಪಿಯಾನೊ ವಾದಕರ ಕೈಯನ್ನು ಇಂದಿಗೂ ಸೋಲಿಸುತ್ತದೆ. 2020ರಲ್ಲಿ ಸ್ಪೇನಿನ ಇಬ್ಬರು ಸಂಶೋಧಕರು ಹಲವು ವಾದ್ಯವೃಂದ ನಿರ್ದೇಶಕರ ಸಿಂಫನಿ ಧ್ವನಿಮುದ್ರಣಗಳ ವೇಗವನ್ನು ಅಳೆದು, ಬೀಥೊವನ್ ತೂಕದ ಮೇಲಂಚಿನ ಬದಲು ಕೆಳಗಿನ ಅಂಕಿಯನ್ನು ಓದಿರಬಹುದು ಎಂಬ ವಿವರಣೆ ಮುಂದಿಟ್ಟರು. ಒಂಬತ್ತನೆಯ ಸಿಂಫನಿಯ ಹಸ್ತಪ್ರತಿಯಲ್ಲಿ 108 ಅಥವಾ 120 ಎಂಬ ಗೊಂದಲದ ಟಿಪ್ಪಣಿಯೂ ಇದೆ. ಅವೆರಡರ ಅಂತರ ತೂಕದ ಎತ್ತರಕ್ಕೆ ಸರಿಹೋಗುತ್ತದೆ ಎಂಬುದು ಅವರ ವಾದ. ಎಲ್ಲರೂ ಇದನ್ನು ಒಪ್ಪಿಲ್ಲ. ಆದರೆ ಅಂಥ ಮಹಾನುಭಾವನಿಗೂ ಹೀಗಾಗಿರಬಹುದೆಂದರೆ, ಹತ್ತು ವರ್ಷದ ಮಗುವಿಗೆ ಮೇಲಂಚು ಯಾವುದೆಂದು ಬೆರಳಿಟ್ಟು ತೋರಿಸುವುದು ದೊಡ್ಡವರ ಕೆಲಸ.

ಗಂಟೆ ಇರುವುದು ಕೊಳ್ಳಬೇಕೋ ಇಲ್ಲದ್ದು ಕೊಳ್ಳಬೇಕೋ ಎಂಬ ಪ್ರಶ್ನೆಗೆ ನನ್ನ ಉತ್ತರ ಖಚಿತ: ಇಲ್ಲದ್ದು. ಗಂಟೆಯ ಮಾದರಿ ಎರಡು, ಮೂರು, ನಾಲ್ಕು, ಆರು ಬಡಿತಕ್ಕೊಮ್ಮೆ ಠಣ್ ಎನ್ನುತ್ತದೆ. ವಾಲ್ಟ್ಸ್ ನುಡಿಸುವವರಿಗೆ ಮೂರಕ್ಕೊಮ್ಮೆ ಬರುವ ಗಂಟೆ ಒದಗಬಹುದು. ನಮ್ಮ ತಾಳಗಳ ಮುಂದೆ ಅದು ಮಂಕಾಗುತ್ತದೆ. ನಾಲ್ಕಕ್ಕೆ ಇಟ್ಟರೆ ಆದಿತಾಳದ ಸಮಕ್ಕೂ ಐದನೆಯ ಅಕ್ಷರಕ್ಕೂ ಒಂದೇ ಗಂಟೆ ಹೊಡೆದು, ಲಘು ಯಾವುದು ದ್ರುತ ಯಾವುದು ಎಂಬ ಭೇದವನ್ನೇ ಅಳಿಸುತ್ತದೆ. ಮಿಶ್ರಛಾಪುವಿನ ಏಳು, ಖಂಡಛಾಪುವಿನ ಐದು ಅದರ ಕೈಗೆ ಎಟಕುವುದೇ ಇಲ್ಲ. ಹರಿದಾಸರ ಸುಳಾದಿಗಳಿಂದ ಹೆಸರು ಪಡೆದ ಏಳು ತಾಳಗಳು, ಜಾತಿಭೇದದಿಂದ ಮೂವತ್ತೈದಾಗುವ ಅವುಗಳ ಲೆಕ್ಕ, ಇವನ್ನೆಲ್ಲ ಹೊತ್ತು ನಡೆಯಲು ನಮ್ಮಲ್ಲಿ ಗಂಟೆಗಿಂತ ಮೇಲಾದ ಸಾಧನ ಮೊದಲಿನಿಂದ ಇದೆ. ಅದು ತೊಡೆಯ ಮೇಲಿನ ಕೈ: ಒಂದು ಪೆಟ್ಟು, ಬೆರಳೆಣಿಕೆ, ಪೆಟ್ಟು, ಹುಸಿ, ಪೆಟ್ಟು, ಹುಸಿ. ಆವರ್ತದ ಆಕಾರ ಕೈಯಲ್ಲಿರಲಿ, ಯಂತ್ರ ಬರೀ ಸಮನಾದ ಟಿಕ್ ಕೊಡಲಿ. ಸಮ ಎಲ್ಲಿದೆ ಎಂದು ಯಂತ್ರ ಹೇಳಿಕೊಟ್ಟರೆ ಹಾಡುವವರು ಎಣಿಸುವುದನ್ನು ಬಿಡುತ್ತಾರೆ.

ಬಳಸುವ ಬಗೆಗೆ ಬಂದರೆ, ನಮ್ಮ ಮೂರು ಕಾಲದ ಸಾಧನೆಯೇ ಒಳ್ಳೆಯ ದಾರಿ ತೋರಿಸುತ್ತದೆ. ಪಾಶ್ಚಾತ್ಯ ಪಾಠಗಳಲ್ಲಿ ಸಾಮಾನ್ಯವಾಗಿ ಯಂತ್ರದ ವೇಗವನ್ನೇ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ನಮ್ಮಲ್ಲಿ ತಾಳದ ನಡೆ ಕದಲುವುದಿಲ್ಲ. ಸ್ವರಗಳು ಒಂದಕ್ಕೆ ಒಂದು, ಎರಡು, ನಾಲ್ಕು ಆಗುತ್ತವೆ. ಯಂತ್ರವನ್ನು ಅರವತ್ತಕ್ಕೆ ಇಟ್ಟು ಸರಳೆಯನ್ನು ಮೂರು ಕಾಲಕ್ಕೂ ಹಾಡಿದರೆ, ಒಂದೊಂದು ಟಿಕ್ಕಿನ ನಡುವಿನ ಖಾಲಿ ಜಾಗವನ್ನು ಹಾಡುವವಳೇ ತುಂಬಬೇಕು. ಆ ಖಾಲಿ ಜಾಗವೇ ಲಯ ಹುಟ್ಟುವ ಜಾಗ. ಎರಡನೆಯ ಕಾಲದಿಂದ ಮೂರನೆಯದಕ್ಕೆ ದಾಟುವಾಗ ಮೊದಲ ಆವರ್ತದಲ್ಲಿ ಓಡುವ ಚಾಳಿ ಸಾಮಾನ್ಯ. ಟಿಕ್ ಅದನ್ನು ಆ ಕ್ಷಣವೇ ತೋರಿಸಿಬಿಡುತ್ತದೆ. ಅದು ಪಳಗಿದ ಮೇಲೆ ಯಂತ್ರಕ್ಕೆ ಕೆಲಸ ಕಡಿಮೆ ಮಾಡುತ್ತಾ ಬರಬೇಕು. ನಲವತ್ತಕ್ಕೆ ಇಳಿಸಿ, ಎರಡು ಅಕ್ಷರಕ್ಕೊಂದು ಟಿಕ್ ಬರುವ ಹಾಗೆ, ಆಮೇಲೆ ನಾಲ್ಕು ಅಕ್ಷರಕ್ಕೊಂದು ಬರುವ ಹಾಗೆ ಹಾಡುವುದು. ಇನ್ನೂ ಮುಂದೆ ಹೋದವರು ಟಿಕ್ಕನ್ನು ಅಕ್ಷರದ ನಟ್ಟನಡುವೆ ಬೀಳಿಸಿಕೊಂಡು ತಾಳ ಹಾಕಿ ನೋಡಬಹುದು. ಅರ್ಧ ಅಕ್ಷರ ಬಿಟ್ಟು ಎತ್ತಿಕೊಳ್ಳುವ ಕೃತಿಗಳಲ್ಲಿ ತಡವರಿಸುವವರಿಗೆ ಇದರಷ್ಟು ಒಳ್ಳೆಯ ಮದ್ದು ಕಡಿಮೆ. ಪಿಟೀಲು, ವೀಣೆ ನುಡಿಸುವವರು ಗಮನಿಸಬೇಕಾದ ಇನ್ನೊಂದು ಸೂಕ್ಷ್ಮವಿದೆ. ಮೀಟೋ ಕಮಾನೋ ಟಿಕ್ಕಿನ ಮೇಲೆಯೇ ಬಿದ್ದರೆ ಟಿಕ್ ಕೇಳಿಸುವುದೇ ಇಲ್ಲ, ನಾದದೊಳಗೆ ಅಡಗಿಬಿಡುತ್ತದೆ. ಟಿಕ್ ಚೆನ್ನಾಗಿ ಕೇಳುತ್ತಿದೆಯೆಂದರೆ ನಾವು ಹಿಂದೆಯೋ ಮುಂದೆಯೋ ಇದ್ದೇವೆ. ಬಹುತೇಕ ಮುಂದೆಯೇ. ಸದ್ದಿನ ಜೊತೆ ಬೆರಳು ತಟ್ಟುವವರು ಸದ್ದಿಗಿಂತ ಕೂದಲೆಳೆಯಷ್ಟು ಮುಂಚೆ ತಟ್ಟುತ್ತಾರೆ, ಸಂಗೀತ ಬಲ್ಲವರಲ್ಲಿ ಈ ಅಂತರ ಕಿರಿದಾಗಿರುತ್ತದೆ ಎಂಬುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ.

ನಿಜವಾದ ಪರೀಕ್ಷೆ ಮೌನದಲ್ಲಿ. ಇದಕ್ಕೆ ಸುಲಭದ ಒಂದು ಏರ್ಪಾಡು: ಮೆಟ್ರೊನೋಮನ್ನು ಪಕ್ಕದ ಕೋಣೆಯಲ್ಲಿಟ್ಟು ಬಾಗಿಲು ತೆರೆದಿರಬೇಕು. ಎರಡು ಆವರ್ತ ಕೇಳಿಸಿಕೊಂಡು ಹಾಡಿದ ಮೇಲೆ ಮನೆಯವರೊಬ್ಬರು ಬಾಗಿಲು ಮುಚ್ಚಬೇಕು. ಒಳಗೆ ಅದು ಬಡಿಯುತ್ತಲೇ ಇರುತ್ತದೆ, ಹೊರಗೆ ಹಾಡುವವಳು ತಾಳ ಹಾಕುತ್ತಾ ಹಾಡುತ್ತಾಳೆ. ನಾಲ್ಕು ಆವರ್ತದ ಮೇಲೆ ಬಾಗಿಲು ತೆರೆದಾಗ ಇಬ್ಬರ ಬಡಿತ ಒಂದೇ ಕಡೆ ಇದ್ದರೆ, ಆ ದಿನದ ಮಟ್ಟಿಗೆ ಗೆದ್ದಂತೆ. ಇಲ್ಲದಿದ್ದರೆ ಎಷ್ಟು ಜಾರಿದೆ, ಯಾವ ಕಡೆಗೆ ಜಾರಿದೆ ಎಂಬುದು ಕಿವಿಗೇ ಕೇಳುತ್ತದೆ, ಯಾರೂ ಬೈಯಬೇಕಿಲ್ಲ. ದಿನಕ್ಕೆ ಹತ್ತು ನಿಮಿಷ ಹೀಗೆ ಮಾಡಿ, ಉಳಿದ ಹೊತ್ತು ಯಂತ್ರ ಮುಚ್ಚಿಟ್ಟು ಹಾಡಿದರೆ ಸಾಕು ಎನ್ನುತ್ತೇನೆ.

ಫೋನಿನಲ್ಲಿ ಉಚಿತವಾಗಿ, ಇನ್ನೂ ಕರಾರುವಾಕ್ಕಾಗಿ ಸಿಗುವಾಗ ಸಾವಿರಾರು ರೂಪಾಯಿ ಕೊಟ್ಟು ಈ ಪೆಟ್ಟಿಗೆ ಯಾಕೆ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಆ್ಯಪಿನ ಬಡಿತ ಸ್ಪ್ರಿಂಗಿನ ಬಡಿತಕ್ಕಿಂತ ನಿಖರ, ವಾಲಿಸಿಟ್ಟರೂ ಕುಂಟುವುದಿಲ್ಲ, ಸದ್ದು ಹೆಚ್ಚು ಕಡಿಮೆ ಮಾಡಬಹುದು. ನಾನು ಮೇಲೆ ಹೇಳಿದ ಬಾಗಿಲಿನ ಏರ್ಪಾಡನ್ನು ಕೆಲವು ಆ್ಯಪ್‌ಗಳು ತಾವೇ ಮಾಡುತ್ತವೆ: ಇಷ್ಟು ಆವರ್ತ ಸದ್ದು, ಇಷ್ಟು ಆವರ್ತ ಮೌನ. ದುಡ್ಡಿಗೆ ಕಷ್ಟವಿರುವ ಮನೆಯವರು ಖಂಡಿತ ಅದನ್ನೇ ಬಳಸಲಿ, ಇದೇ ಕ್ರಮದಲ್ಲಿ ಬಳಸಲಿ. ಆದರೂ ಕೊಳ್ಳುವ ಶಕ್ತಿ ಇರುವವರಿಗೆ ಪೆಟ್ಟಿಗೆಯನ್ನೇ ಹೇಳುತ್ತೇನೆ, ಅದಕ್ಕೆ ಕಾರಣ ಕಣ್ಣು. ತೂಗುವ ಕಡ್ಡಿ ಬಡಿತಕ್ಕೆ ಮುಂಚೆಯೇ ಬಡಿತ ಬರುತ್ತಿರುವುದನ್ನು ತೋರಿಸುತ್ತದೆ. ಮೃದಂಗದವರು ಹಾಡುವವರ ಕೈ ಮೇಲೇಳುವುದನ್ನು ನೋಡಿಯೇ ಪೆಟ್ಟು ಎಲ್ಲಿ ಬೀಳುತ್ತದೆಂದು ತಿಳಿಯುವ ಹಾಗೆ. ಫೋನಿನ ಪರದೆಯ ಮಿಂಚು ಬಡಿತ ಆದ ಮೇಲೆ ಆಯಿತು ಎನ್ನುತ್ತದೆ ಅಷ್ಟೆ. ಮಿಂಚುವ ಬೆಳಕಿಗೆ ತಾಳ ತಟ್ಟುವುದು ಸದ್ದಿಗೆ ತಟ್ಟುವುದಕ್ಕಿಂತ ಬಹಳ ಕಷ್ಟ, ಪುಟಿಯುವ ಚೆಂಡಿನಂತೆ ಚಲಿಸುವ ವಸ್ತುವಾದರೆ ಆ ಕಷ್ಟ ಎಷ್ಟೋ ಕಡಿಮೆ ಎಂದು ಪ್ರಯೋಗಗಳು ತೋರಿಸಿವೆ. ಇನ್ನು ಅಭ್ಯಾಸದ ನಡುವೆ ಫೋನಿನಲ್ಲಿ ಬರುವ ಸಂದೇಶಗಳ ವಿಷಯ ಹೇಳಬೇಕಾಗಿಯೇ ಇಲ್ಲ.

ಇದಕ್ಕಿಂತ ತೂಕದ ಆಕ್ಷೇಪಣೆ ಸಂಗೀತದ ಒಳಗಿನಿಂದಲೇ ಬರುತ್ತದೆ. ಯಂತ್ರದ ಲಯ ಜೀವವಿಲ್ಲದ್ದು, ಹಾಡನ್ನು ಕೊಲ್ಲುತ್ತದೆ ಎನ್ನುವವರಲ್ಲಿ ದೊಡ್ಡವರಿದ್ದಾರೆ. ಬ್ರಾಮ್ಸ್‌ಗೆ ಮೆಟ್ರೊನೋಮಿನ ಅಂಕಿಗಳಲ್ಲಿ ನಂಬಿಕೆಯೇ ಇರಲಿಲ್ಲ. ನಮ್ಮಲ್ಲಿ ಆಲಾಪನೆಗೆ ತಾಳವೇ ಇಲ್ಲ. ಹಿಂದೂಸ್ತಾನಿಯ ಖ್ಯಾಲಿನಲ್ಲಿ ಲಯ ಮೆಲ್ಲಮೆಲ್ಲನೆ ಏರುತ್ತಾ ಹೋಗುವುದೇ ಸೊಗಸು. ಇಂಥಲ್ಲಿ ಮೆಟ್ರೊನೋಮ್ ಹಚ್ಚುವುದು ತಪ್ಪೆಂದೇ ನನ್ನ ಮಾತು ಕೂಡ. ಆದರೆ ಬೇಕೆಂದು ಏರಿಸುವ ಲಯ ಬೇರೆ, ಗೊತ್ತಿಲ್ಲದೆ ಜಾರುವ ಲಯ ಬೇರೆ. ಮೊದಲನೆಯದು ಸಾಧ್ಯವಾಗುವುದು ಎರಡನೆಯದನ್ನು ಗೆದ್ದವರಿಗೆ. ವೇಗವನ್ನು ಸ್ವತಂತ್ರವಾಗಿ ಆಡಿಸುವುದಕ್ಕೆ ಹೆಸರಾದ ಶೋಪ್ಯಾನ್‌ನ ಪಿಯಾನೊ ಮೇಲೆ ಸದಾ ಮೆಟ್ರೊನೋಮ್ ಇರುತ್ತಿತ್ತು ಎಂದು ಅವನ ಶಿಷ್ಯ ಮಿಕುಲಿ ದಾಖಲಿಸಿದ್ದಾನೆ. ಬಲಗೈ ಎಷ್ಟೇ ಹಿಂದೆ ಮುಂದೆ ಆಡಿದರೂ ತನ್ನ ಎಡಗೈ ಅದರ ಸುದ್ದಿಗೆ ಹೋಗದೆ ತಾಳದಲ್ಲೇ ಇರುತ್ತದೆಂದು ಮೊಟ್ಸಾರ್ಟ್ 1777ರಲ್ಲಿ ತಂದೆಗೆ ಪತ್ರ ಬರೆದಿದ್ದ. ನೆರವಲಿನಲ್ಲಿ ಸಾಹಿತ್ಯವನ್ನು ಎಲ್ಲೆಲ್ಲಿಗೋ ಎಳೆದಾಡಿ ಕೊನೆಗೆ ಎತ್ತಿಕೊಂಡ ಜಾಗಕ್ಕೇ ತಂದು ಕೂರಿಸುವ ಹಾಡುಗಾರರ ತೊಡೆಯ ಮೇಲಿನ ಕೈಯನ್ನು ನೋಡಿದರೆ ಇದೇ ಕಾಣುತ್ತದೆ. ಆ ಕೈ ಕದಲದೆ ಇರುವುದರಿಂದಲೇ ಕಂಠಕ್ಕೆ ಅಷ್ಟು ಸ್ವಾತಂತ್ರ್ಯ.

ಬೆಂಗಳೂರಿನ ರಾಡೆಲ್ ಕಂಪನಿಯ ತಾಳಮಾಲಾ ಅಥವಾ ತಬಲಾ ಆ್ಯಪ್‌ಗಳು ಇದಕ್ಕಿಂತ ಸಂಗೀತಕ್ಕೆ ಹತ್ತಿರವಲ್ಲವೇ ಎಂದು ಕೇಳಬಹುದು. ಹತ್ತಿರವೇ. ಠೇಕಾ ಕಿವಿಯಲ್ಲಿ ಕೂರಲು, ಕಛೇರಿಗೆ ಮುಂಚಿನ ರಿಹರ್ಸಲ್‌ಗೆ ಅವು ನಿಜವಾಗಿ ಉಪಕಾರಿ. ಆದರೆ ಅವು ಟಿಕ್ಕಿನ ನಡುವಿನ ಖಾಲಿ ಜಾಗವನ್ನೂ ತಾವೇ ತುಂಬಿಕೊಡುತ್ತವೆ. ಕಲಿಯುವವರು ಮಾಡಬೇಕಾದ ಕೆಲಸವನ್ನು ಯಂತ್ರ ಮಾಡಿಬಿಡುತ್ತದೆ. ಬರಿಯ ಟಿಕ್ಕಿನ ಬಡತನ ಇಲ್ಲಿ ಒಳ್ಳೆಯದು.

ಸಂಗೀತ ಪಾಠ ಹೇಳುವವರಲ್ಲಿ ಒಂದು ಕೋರಿಕೆ. ಮಕ್ಕಳಿಗೆ ಮೆಟ್ರೊನೋಮ್ ಇಟ್ಟು ಸಾಧನೆ ಮಾಡಿ ಎಂದಷ್ಟೇ ಹೇಳಿ ಕಳಿಸಬೇಡಿ. ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಎಂಬುದನ್ನೂ ಹೇಳಿ. ವಾರಕ್ಕೊಮ್ಮೆ ಪಾಠದ ಕೊನೆಗೆ, ಮಗು ಅಲಂಕಾರವನ್ನು ಮೂರನೆಯ ಕಾಲದಲ್ಲಿ ಹಾಡುತ್ತಿರುವಾಗ, ಕೈ ಚಾಚಿ ಕಡ್ಡಿಯನ್ನು ಹಿಡಿದು ಅದರ ಕೊಕ್ಕೆಗೆ ಸಿಕ್ಕಿಸಿಬಿಡಿ. ಮಗುವಿನ ಕಣ್ಣು ನಿಂತ ಕಡ್ಡಿಯ ಕಡೆಗೆ ಹೋಗುತ್ತದೋ, ತನ್ನ ತೊಡೆಯ ಮೇಲಿನ ಕೈಯ ಕಡೆಗೆ ಬರುತ್ತದೋ, ಅದನ್ನು ನೋಡಿ ಮುಂದಿನ ವಾರದ ಪಾಠ ಯಾವುದೆಂದು ಗೊತ್ತುಮಾಡಿ.